ಮೊದಲನೇ ಅರ್ಜಿದಾರಳು

ಕೋರ್ಟಿನಲ್ಲಿ ಎಷ್ಟೇ ಜನ ಸೇರಿ ಕೇಸು ಹಾಕಿದರೂ ಕೇಸಿಗೆ ಹೆಸರು ಒಬ್ಬರದೇ. ಮಿಕ್ಕವರು 'ಮತ್ತು ಇತರರು' ಎಂಬ ಎರಡು ಪದಗಳ ಹಿಂದೆ ತಲೆ ತಗ್ಗಿಸಿ ಕೂತುಬಿಡಬಹುದು. ಮೊದಲ ಹೆಸರಿನವರಿಗೆ ಆ ಸುಖವಿಲ್ಲ. ಅಧಿಕಾರಿಗಳ ಕೆಂಗಣ್ಣು ಬೀಳುವುದು ಆ ಹೆಸರಿನ ಮೇಲೆ. ಮೀಟಿಂಗಿನಲ್ಲಿ ಎಬ್ಬಿಸಿ ನಿಲ್ಲಿಸಿ, 'ಏನಮ್ಮಾ, ಸರ್ಕಾರದ ಮೇಲೇ ಕೋರ್ಟಿಗೆ ಹೋಗಿದ್ದೀಯಂತೆ' ಎಂದು ಎಲ್ಲರೆದುರು ಕೇಳುವುದೂ ಆ ಹೆಸರಿನವರನ್ನೇ. ಆದ್ದರಿಂದ ಗುತ್ತಿಗೆ ನರ್ಸುಗಳೆಲ್ಲ ಜೋಧಪುರದ ಧರ್ಮಶಾಲೆಯ ಅಂಗಳದಲ್ಲಿ ಸೇರಿದ ದಿನ ಕೇಸು ಹಾಕಲು ಎಲ್ಲರೂ ತಯಾರಿದ್ದರು, ಮೊದಲ ಹೆಸರಾಗಲು ಮಾತ್ರ ಒಬ್ಬರೂ ತಯಾರಿರಲಿಲ್ಲ. ಒಬ್ಬಳ ಗಂಡ ಪೊಲೀಸಿನಲ್ಲಿದ್ದ. ಇನ್ನೊಬ್ಬಳಿಗೆ ಅತ್ತೆಯ ಭಯ. ಮೇಲ್ ನರ್ಸ್ ಗಿರಧಾರಿ ದೊಡ್ಡ ಗಂಟಲಿನಲ್ಲಿ ಘೋಷಣೆ ಕೂಗುತ್ತಿದ್ದವನು, ಹೆಸರಿನ ಮಾತು ಬಂದ ಕೂಡಲೇ ಚಹಾ ತರಲು ಎದ್ದು ಹೋದ.

"ಇಮರ್ತಿ ಹೆಸರು ಹಾಕ್ರಿ" ಎಂದವಳು ಧಾಪೂ. "ಅವಳು ಹೇಗೂ ಬ್ಲಾಕ್ ಡಾಕ್ಟರ ಹತ್ರ ಜಗಳ ಆಡ್ಕೊಂಡಿದ್ದಾಳೆ, ಹೊಸದಾಗಿ ಕೆಡೋಕೆ ಏನೂ ಉಳಿದಿಲ್ಲ. ಪರೀಕ್ಷೆ ಪಾಸು ಮಾಡಿ ಕಾಯಂ ಆಗಿ ನಮ್ಮನ್ನ ಬಿಟ್ಟು ಹೋಗ್ತಾಳೆ ಅನ್ನೋ ಭಯಾನೂ ಇಲ್ಲ. ಟ್ರೈನಿಂಗಲ್ಲಿ ನನ್ನ ಪಕ್ಕ ಕೂತು ನಂದು ನೋಡಿ ಬರೆದು ಪಾಸಾದವಳು ಅವಳು."

ಅಂಗಳವೆಲ್ಲ ನಕ್ಕಿತು. ಇಮರ್ತಿಯೂ ನಕ್ಕಳು. ನಮ್ಮ ಕಡೆ ಜಹಾಂಗೀರ್ ಎನ್ನುವ ಸಿಹಿಗೆ ಆ ಸೀಮೆಯಲ್ಲಿ ಇಮರ್ತಿ ಅನ್ನುತ್ತಾರೆ. ಅವಳು ಹುಟ್ಟಿದಾಗ ಅಪ್ಪ ಅದನ್ನೇ ಊರಿಗೆಲ್ಲ ಹಂಚಿದನಂತೆ, ಹೆಣ್ಣು ಹುಟ್ಟಿದ್ದಕ್ಕೆ ಸಿಹಿ ಹಂಚಿದ ಹುಚ್ಚ ಎಂದು ಊರು ಆಡಿಕೊಂಡಿತಂತೆ. "ಹಾಕ್ಕೊಳ್ರಿ, ಕೋರ್ಟಿಗಾದ್ರೂ ಬಾಯಿ ಸಿಹಿಯಾಗಲಿ" ಎಂದು ಅವಳು ಸಹಿ ಹಾಕಿದಳು. ಸಹಿ ಹಾಕಿ ಊರಿಗೆ ಮರಳಿದ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಕೇಸಿನ ಭಯಕ್ಕಲ್ಲ, ಪರೀಕ್ಷೆಯ ಬಗ್ಗೆ ಧಾಪೂ ಹೇಳಿದ ಆ ಮಾತಿಗೆ. ನಗುವಾಗ ನಕ್ಕಿದ್ದಳು, ಆದರೆ ಮಾತು ಒಳಗೆ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು.

ಹೀಗೆ 'ಇಮರ್ತಿ ದೇವಿ ಮತ್ತು ಇತರರು' ಹುಟ್ಟಿಕೊಂಡಿತು. ಜನರ ಬಾಯಲ್ಲಿ ಅದು ಇಮರ್ತಿ ಕೇಸು. ಕೇಳಿದ್ದು ಇಷ್ಟೇ: ಹಳ್ಳಿಯ ಆರೋಗ್ಯ ಉಪಕೇಂದ್ರಗಳನ್ನು ವರ್ಷಗಟ್ಟಲೆ ನಡೆಸಿದವರು ನಾವು, ಕಾಯಂ ನೇಮಕ ಮಾಡುವುದಾದರೆ ಮೊದಲು ನಮ್ಮನ್ನು ಮಾಡಿ. ಅಲ್ಲಿಯ ತನಕ ನಮ್ಮನ್ನು ತೆಗೆಯಬೇಡಿ, ನಮ್ಮ ಜಾಗಕ್ಕೆ ಹೊಸಬರನ್ನು ತಂದು ಕೂರಿಸಬೇಡಿ. ಸರ್ಕಾರ ಕೋರ್ಟಿಗೆ ಉತ್ತರ ಕೊಡುತ್ತ ಕೊಡುತ್ತಲೇ ಹೊಸ ನೇಮಕಾತಿಯ ಪರೀಕ್ಷೆಯನ್ನೂ ಕರೆದುಬಿಟ್ಟಿತು. ವಕೀಲ ವ್ಯಾಸ್‌ಜಿ ಎಲ್ಲರಿಗೂ ಪರೀಕ್ಷೆ ಬರೆಯಲು ಹೇಳಿದರು. "ಬರೀರಿ. ಇಲ್ಲಾಂದ್ರೆ ನಾಳೆ ಜಡ್ಜು, ಪರೀಕ್ಷೆಗೆ ಹೆದರಿ ಇಲ್ಲಿಗೆ ಬಂದ್ರಾ ಅಂತ ಕೇಳ್ತಾರೆ." ಎಲ್ಲರೂ ಬರೆದರು. ಲಸಿಕೆ ಹಾಕಿ, ಹೆರಿಗೆ ಮಾಡಿಸಿ, ಸಂಜೆ ಮನೆಗೆ ಬಂದು ರೊಟ್ಟಿ ತಟ್ಟಿ, ಆಮೇಲೆ ಪುಸ್ತಕ ತೆರೆಯುವ ತ್ರಾಣ ಯಾರಿಗಿರುತ್ತದೆ? ಬಹಳ ಮಂದಿ ಹಾಜರಿ ಹಾಕಿ ಬಂದರು.

ಇಮರ್ತಿ ಮಾತ್ರ ಒಂದು ವರ್ಷ ಹಟಕ್ಕೆ ಬಿದ್ದು ಓದಿದ್ದಳು. ಮಗಳು ಪ್ರಶ್ನೆ ಕೇಳುವುದು, ಇವಳು ಹಿಟ್ಟು ನಾದುತ್ತ ಉತ್ತರ ಹೇಳುವುದು. ಫಲಿತಾಂಶ ಬಂದಾಗ ಕೇಸು ಹಾಕಿದವರಲ್ಲಿ ಪಾಸಾದವಳು ಅವಳೊಬ್ಬಳೇ. ನರ್ಸುಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ 'ಮೊದಲನೇ ಅರ್ಜಿದಾರರಿಗೆ ಹಾರ್ದಿಕ ಅಭಿನಂದನೆ' ಎಂದು ಬರೆದು ಹೂಮಾಲೆಯ ಚಿತ್ರ ಹಾಕಿದರು. ಅದು ಅಭಿನಂದನೆಯಲ್ಲ ಎಂದು ಓದಿದವರಿಗೆಲ್ಲ ಗೊತ್ತಾಯಿತು.

ನೇಮಕದ ಪತ್ರ ಬಂತು. ಊರು: ಲೂಣಾಸರ ಉಪಕೇಂದ್ರ. ಇಮರ್ತಿ ಆ ಹೆಸರನ್ನು ಮೂರು ಸಲ ಓದಿದಳು. ಲೂಣಾಸರದಲ್ಲಿ ಇರುವವಳು ಧಾಪೂ. ಕಾಯಂ ನರ್ಸು ಬಂದು ಹಾಜರಾದ ಗಳಿಗೆಯಿಂದ ಗುತ್ತಿಗೆಯವಳ ಕೆಲಸ ತಾನಾಗಿಯೇ ಮುಗಿಯುತ್ತದೆ, ಅದಕ್ಕೆ ಬೇರೆ ಆದೇಶವೂ ಬೇಕಿಲ್ಲ. ಧಾಪೂವಿನ ಗಂಡ ಎರಡನೆಯವಳನ್ನು ತಂದಿಟ್ಟುಕೊಂಡ ಮೇಲೆ ಉಪಕೇಂದ್ರದ ಹಿಂದಿನ ಒಂದು ಕೋಣೆಯೇ ಅವಳ ಮನೆ. ಕೆಲಸದ ಜೊತೆ ಅದೂ ಹೋಗುತ್ತದೆ.

ಇಮರ್ತಿ ಬಸ್ಸು ಹಿಡಿದು ಜೋಧಪುರಕ್ಕೆ ಹೋಗಿ ವ್ಯಾಸ್‌ಜಿಯ ಮುಂದೆ ಪತ್ರ ಇಟ್ಟಳು.

"ಏನ್ ಮಾಡ್ಲಿ ಸಾಹೇಬ್ರೇ?"

"ನಾನೇನು ಹೇಳ್ಲಮ್ಮ? ಹಾಜರಾದ್ರೆ ನಿಮ್ಮ ಹೆಸರು ಕೇಸಿಂದ ತೆಗೀಬೇಕಾಗುತ್ತೆ. ಆ ಕಡೆ ವಕೀಲರು ಕೇಳೇ ಕೇಳ್ತಾರೆ, ಈ ನೇಮಕಾತಿ ತಪ್ಪು ಅಂದವಳೇ ಅದನ್ನ ಒಪ್ಕೊಂಡಿದ್ದಾಳಲ್ಲ ಅಂತ. ನಾನು ಸುಳ್ಳು ಹೇಳೋಕಾಗಲ್ಲ."

"ಹಾಜರಾಗದಿದ್ರೆ?"

ವ್ಯಾಸ್‌ಜಿ ಕನ್ನಡಕ ತೆಗೆದು ಒರೆಸಿದರು. "ನಿಮ್ಮ ವಯಸ್ಸು ನೋಡಿದೆ. ಮುಂದಿನ ನೇಮಕಾತಿಗೆ ನೀವು ಅರ್ಜಿ ಹಾಕೋ ಹಾಗಿಲ್ಲ. ಇದೇ ಕೊನೇದು."

ಹಾಜರಾಗಲು ಕೊಟ್ಟ ಗಡುವಿನ ಕೊನೆಯ ದಿನ ಗುರುವಾರ. ಕೋರ್ಟಿನಲ್ಲಿ ಕೇಸು ಬರುವುದೂ ಅದೇ ಗುರುವಾರ. ದೇವರಿಗೆ ಕೆಲವೊಮ್ಮೆ ಬೇರೆ ಕೆಲಸ ಇರುವುದಿಲ್ಲ ಎಂದು ಕಾಣುತ್ತದೆ.

ಗಡುವು ಮುಗಿಯುವ ದಿನದವರೆಗೂ ಅವಳು ಮೀನಮೇಷ ಎಣಿಸಿದಳು. ಗುರುವಾರ ಬೆಳಿಗ್ಗೆ ಅತ್ತೆ ಮೊಸರು ಬೆಲ್ಲ ಬಾಯಿಗಿಟ್ಟು, "ಹೋಗಿ ಬಾ ಬೀಂದಣಿ, ಸಹಿ ಹಾಕಿದ ಕೂಡ್ಲೇ ಫೋನ್ ಮಾಡು, ಬೀದಿಗೆಲ್ಲ ಬೆಲ್ಲ ಹಂಚ್ತೀನಿ" ಎಂದಳು. ಮದುವೆಯಾಗಿ ಇಪ್ಪತ್ತು ವರ್ಷ ಕಳೆದರೂ ಅತ್ತೆಗೆ ಅವಳು ಹೊಸ ಸೊಸೆ, ಬೀಂದಣಿ. ಗಂಡ ಪುಖರಾಜ ಜೀಪು ಒರೆಸುತ್ತಿದ್ದ.

"ಇಷ್ಟು ವರ್ಷ ಗುತ್ತಿಗೆ ಹೆಂಡತಿ ಜೊತೆ ಸಂಸಾರ ಮಾಡಿದೆ" ಎಂದ. "ಸಂಜೆಗೆ ಕಾಯಂ ಆಗಿ ಬಾ."

"ನೀವು ಇನ್ನೂ ಪ್ರೊಬೇಷನ್ನಲ್ಲೇ ಇದ್ದೀರಿ, ನೆನಪಿರಲಿ" ಎಂದಳು ಇಮರ್ತಿ. ನಗು ಬರಲಿಲ್ಲ. ಬಾಯಿ ಅಭ್ಯಾಸದಿಂದ ಆಡಿತು ಅಷ್ಟೇ.

ಬಸ್ಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿಯ ಸೀಟು ಬಿಟ್ಟು ಈಚೆ ಬಂದಳು, ಮತ್ತೆ ಕಿಟಕಿಗೆ ಹೋದಳು. ಚೀಲದಲ್ಲಿ ಪತ್ರ ಇದೆಯೇ ಎಂದು ಮುಟ್ಟಿ ನೋಡಿಕೊಂಡಳು. ಗಿರಧಾರಿಯ ಫೋನು ಬಂತು. ಅವನು ಕೋರ್ಟಿನಲ್ಲಿದ್ದ.

"ದೀದಿ, ನಮ್ಮ ನಂಬರು ಬಹಳ ಕೆಳಗಿದೆ. ಇವತ್ತು ಬರೋದು ಡೌಟು. ನೀವೆಲ್ಲಿದ್ದೀರಿ?"

"ಬಸ್ಸಲ್ಲಿ."

"ಯಾವ ಕಡೆ ಬಸ್ಸು?"

ಅವಳು ಚೀಲವನ್ನು ಮತ್ತೊಮ್ಮೆ ಮುಟ್ಟಿಕೊಂಡಳು. "ಲೂಣಾಸರದ ಕಡೆ."

ಆ ತುದಿಯಲ್ಲಿ ಕರಿ ಕೋಟಿನವರ ಗಲಾಟೆ ಕೇಳಿಸುತ್ತಿತ್ತು. "ಹೂಂ" ಎಂದ ಗಿರಧಾರಿ. "ನಾನಾಗಿದ್ರೂ ಅದೇ ಬಸ್ ಹತ್ತುತ್ತಿದ್ದೆ." ಫೋನು ಇಟ್ಟುಬಿಟ್ಟ. ಬೈದಿದ್ದರೆ ಇವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಲೂಣಾಸರ ಕೊನೆಯ ನಿಲ್ದಾಣ. ರಸ್ತೆಯ ಮೇಲೆ ಮರಳು ಬಂದು ಕೂತಿತ್ತು. ಉಪಕೇಂದ್ರದ ಮುಂದಿನ ಖೇಜಡಿ ಮರದ ನೆರಳಲ್ಲಿ ಇಬ್ಬರು ಹೆಂಗಸರು ಸೆರಗು ಮುಖಕ್ಕೆಳೆದುಕೊಂಡು ಕೂತಿದ್ದರು, ಮಡಿಲಲ್ಲಿ ಒಂದೊಂದು ಮಗು. ಗುರುವಾರ ಎಂದರೆ ಲಸಿಕೆಯ ದಿನ. ಇಮರ್ತಿ ಬಾಗಿಲಿಗೆ ಬಂದಾಗ ಧಾಪೂ ಬೆನ್ನು ತಿರುಗಿಸಿ ನಿಂತಿದ್ದಳು. ಸಿರಿಂಜಿನಿಂದ ಪುಟ್ಟ ಸೀಸೆಯೊಳಕ್ಕೆ ನೀರು ಬಿಡುತ್ತಿದ್ದಳು. ಸೊಂಟದಲ್ಲಿ ಕೀಲಿ ಗೊಂಚಲು ಸಿಕ್ಕಿಸಿಕೊಂಡಿದ್ದಳು.

"ಬಂದ್ಯಾ" ಎಂದಳು ತಿರುಗದೆ. "ದಡಾರದ ಸೀಸೆ ಒಡೆದಿದ್ದೀನಿ ಕಣೇ. ಇದೊಂದು ಮುಗೀಲಿ. ಚಾರ್ಜು ಆಮೇಲೆ ತಗೊ."

ಸೀಸೆ ಒಡೆಯುವುದೆಂದರೆ ಲಸಿಕೆಯ ಪುಡಿಗೆ ನೀರು ಬೆರೆಸುವುದು. ಬೆರೆಸಿದ ಮೇಲೆ ನಾಲ್ಕು ಗಂಟೆ ಆಯಸ್ಸು, ಆಮೇಲೆ ಉಳಿದದ್ದನ್ನು ಚೆಲ್ಲಬೇಕು. ಚೆಲ್ಲಿದ್ದಕ್ಕೆ ಮೇಲಿನವರು ಲೆಕ್ಕ ಕೇಳುತ್ತಾರಾದ್ದರಿಂದ ಐದಾರು ಮಕ್ಕಳು ಸೇರುವ ತನಕ ಹಳ್ಳಿಯ ನರ್ಸುಗಳು ಯಾರೂ ಸೀಸೆ ಒಡೆಯುವುದಿಲ್ಲ, ಬಂದವರನ್ನು ಮಾತಾಡಿಸುತ್ತ ಕೂರಿಸಿರುತ್ತಾರೆ. ಒಡೆದ ಮೇಲೆ ಮಾತ್ರ ಮನೆಗೆ ಬೆಂಕಿ ಬಿದ್ದರೂ ಬಿಟ್ಟು ಏಳುವುದಿಲ್ಲ. ಇಮರ್ತಿ ಒಂದು ಸಲ ಹೊರಗೆ ಖೇಜಡಿಯ ಕಡೆ ನೋಡಿದಳು, ಒಂದು ಸಲ ಧಾಪೂವಿನ ಬೆನ್ನು ನೋಡಿದಳು.

"ಆಶಾ ಕಾರ್ಯಕರ್ತೆ ಎಲ್ಲಿ?" ಎಂದು ಕೇಳಿದಳು.

"ಅಣ್ಣನ ಮಗಳ ಮದುವೆ ಅಂತ ಹೋಗಿದ್ದಾಳೆ. ನಾನೊಬ್ಳೇ. ಕೂತ್ಕೊ, ಇಲ್ಲಾ ಕೈ ಹಾಕು. ಸರ್ಕಾರಿ ಕಾಯಂ ಕೈ, ನೋವಾಗುತ್ತೇನೋ."

ಇಮರ್ತಿ ಚೀಲ ಮೊಳೆಗೆ ನೇತುಹಾಕಿ, ಹೊದ್ದಿದ್ದ ಓಢಣಿ ಸೊಂಟಕ್ಕೆ ಬಿಗಿದು ಕೈ ತೊಳೆದಳು. ಸಹಿ ಹಾಕಲು ಎಷ್ಟು ಹೊತ್ತು ಬೇಕು? ಪತ್ರದ ಕೆಳಗೆ ಅವಳದೊಂದು ಸಹಿ, ಧಾಪೂವಿನದೊಂದು ಸಹಿ, ಬೆಳಿಗ್ಗೆ ಹಾಜರಾದೆ ಎನ್ನಲು 'ಪೂರ್ವಾಹ್ನ' ಎಂಬ ಒಂದು ಪದ. ಅಷ್ಟಾದರೆ ಮುಗಿಯಿತು, ಅರವತ್ತರ ತನಕ ಯಾರೂ ಅಲುಗಾಡಿಸುವ ಹಾಗಿಲ್ಲ. ಸೀಸೆ ಒಡೆದದ್ದು ಸಹಿಗೆ ಅಡ್ಡವಲ್ಲ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ತಕ್ಕಡಿಯ ಜೋಳಿಗೆಗೆ ಮೊದಲ ಮಗುವನ್ನು ಹಾಕಿದಳು.

ಮಕ್ಕಳು ಬರುತ್ತಲೇ ಇದ್ದವು. ಒಬ್ಬಳು ತೂಗುವುದು, ಬಾಯಿಗೆ ಹನಿ ಬಿಡುವುದು, ಕಾಲು ಅದುಮಿ ಹಿಡಿಯುವುದು. ಇನ್ನೊಬ್ಬಳು ಚುಚ್ಚುವುದು. ಟ್ರೈನಿಂಗಿನ ದಿನಗಳ ಹಾಗೆ ಮಾತಿಲ್ಲದೆ ಕೈಗೆ ಕೈ ಸೇರಿತು. ನಡುನಡುವೆ ಇಮರ್ತಿ ಎದ್ದು ಹಿತ್ತಲ ನೀರಿನ ತೊಟ್ಟಿಯ ಕಟ್ಟೆ ಹತ್ತಿ ನಿಲ್ಲುವಳು. ಉಪಕೇಂದ್ರದ ಸುತ್ತ ಫೋನಿಗೆ ಸಿಗ್ನಲ್ ಬರುವುದು ಅಲ್ಲಿ ಮಾತ್ರ. ಅತ್ತೆಯ ಫೋನು ಎರಡು ಸಲ ಬಂದು ನಿಂತುಹೋಗಿತ್ತು. ಗಿರಧಾರಿ 'ಇನ್ನೂ ದೂರ ಇದೆ' ಎಂದು ಬರೆದಿದ್ದ. ಇಳಿದು ಬರುವಳು, ಮತ್ತೆ ಹತ್ತುವಳು.

"ಕಾಲು ಸುಟ್ಟ ಬೆಕ್ಕಿನ ಹಾಗೆ ಯಾಕೇ ಓಡಾಡ್ತೀಯ? ಕೂತ್ಕೋಬಾರ್ದಾ?" ಎಂದಳು ಧಾಪೂ.

"ನಿನಗೇನು, ನೀನು ನಿಂತೇ ಇದ್ದೀಯ."

ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದ ಮುದುಕಿಯೊಬ್ಬಳು ಇಬ್ಬರನ್ನೂ ನೋಡಿ, "ಇವತ್ತೇನು ಇಬ್ಬಿಬ್ರು ನರ್ಸ್ ಬೆಹನ್‌ಜಿಗಳು?" ಎಂದಳು.

"ಇವಳು ಕಾಯಂ, ಅಜ್ಜಿ. ನಾನು ಇವತ್ತಿನ ತನಕ" ಎಂದಳು ಧಾಪೂ, ಸೂಜಿಯ ತುದಿ ನೋಡುತ್ತ.

"ಆಮೇಲೆ ನೀನೆಲ್ಲಿಗೆ ಹೋಗ್ತೀ?"

"ಸವತಿ ಮನೇಲಿ ಎಮ್ಮೆ ಕಾಯೋಕೆ. ಅಲ್ಲೂ ಗುತ್ತಿಗೆನೇ."

ಹೆಂಗಸರೆಲ್ಲ ನಕ್ಕರು. ಮುದುಕಿ ನಗಲಿಲ್ಲ. ಇಮರ್ತಿಯನ್ನು ಅಡಿಯಿಂದ ಮುಡಿಯ ತನಕ ನೋಡಿ, ಧಾಪೂವಿನ ಕಡೆ ಕೈ ತೋರಿ, "ನನ್ನ ಮೂರು ಮೊಮ್ಮಕ್ಕಳನ್ನ ಹೊರಗೆ ತಂದವಳು ಇವಳು" ಎಂದು ಗೊಣಗಿದಳು. ಇಮರ್ತಿ ಮಗುವಿನ ಕಾಲು ಹಿಡಿದಿದ್ದಳು. ಆ ಮುದುಕಿಯ ಮೇಲೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ನಾನು ಮಾಡಿಸಿದ ಹೆರಿಗೆಗಳನ್ನು ಯಾರು ಎಣಿಸಿದ್ದಾರೆ, ನನಗೇನು ಮನೆಯಿಲ್ಲವೆ, ಮಗಳಿಲ್ಲವೆ ಎಂದು ಕೂಗಬೇಕೆನಿಸಿತು. ಮಗು ಅವಳಿಗಿಂತ ಮೊದಲೇ ಕೂಗಿಕೊಂಡಿತು.

ಸಾಲು ಕರಗಿದಾಗ ಹೊತ್ತು ನೆತ್ತಿ ದಾಟಿತ್ತು. ಸೀಸೆಯ ಗಡುವಿಗೆ ಇನ್ನೂ ಸ್ವಲ್ಪ ಸಮಯವಿತ್ತು, ಅಷ್ಟರಲ್ಲಿ ಯಾರಾದರೂ ಬಂದಾರು ಎಂದು ಇಬ್ಬರೂ ಅಲ್ಲೇ ನೆಲದ ಮೇಲೆ ಊಟಕ್ಕೆ ಕೂತರು. ಧಾಪೂ ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಚಟ್ನಿ, ಮಜ್ಜಿಗೆ ತಂದಿಟ್ಟಳು. ರೊಟ್ಟಿ ಇಬ್ಬರಿಗಾಗುವಷ್ಟಿತ್ತು.

"ನಾನು ಬರ್ತೀನಿ ಅಂತ ಗೊತ್ತಿತ್ತಾ?"

"ಇವತ್ತು ಕೊನೇ ದಿನ. ಬರದೆ ಎಲ್ಲಿ ಹೋಗ್ತೀಯ?" ಧಾಪೂ ರೊಟ್ಟಿ ಮುರಿದಳು. "ಅವತ್ತು ಧರ್ಮಶಾಲೇಲಿ ನಿನ್ನ ಹೆಸರು ಹಾಕಿ ಅಂದೆ ನೋಡು. ನನ್ನ ನಾಲಿಗೆ ಸೇದ್ಹೋಗ."

"ನೀನು ಹಾಗನ್ನದೆ ಇದ್ದಿದ್ರೆ ನಾನು ಪುಸ್ತಕ ಮುಟ್ತಾನೇ ಇರ್ಲಿಲ್ಲ."

"ಹಾಗಾದ್ರೆ ನನ್ನಿಂದಾನೇ ಪಾಸಾಗಿದ್ದು ಅನ್ನು. ಟ್ರೈನಿಂಗಲ್ಲೂ ನನ್ನಿಂದ, ಈಗ್ಲೂ ನನ್ನಿಂದ. ಗುರುದಕ್ಷಿಣೆಗೆ ನನ್ನ ಕೀಲೀನೇ ಬೇಕಾಗಿತ್ತಾ ನಿನಗೆ?"

ಇಮರ್ತಿ ಮಜ್ಜಿಗೆಯ ಲೋಟ ಕೆಳಗಿಟ್ಟಳು. "ನಾನು ಊರು ಆರಿಸ್ಕೊಂಡಿದ್ದಲ್ಲ ಕಣೇ. ಕಂಪ್ಯೂಟರು ಕೊಟ್ಟಿದ್ದು. ನಾನು ಬರದಿದ್ರೆ ಪಟ್ಟೀಲಿ ಹಿಂದಿರೋಳು ಬರ್ತಾಳೆ."

"ಗೊತ್ತು. ಯಾರೋ ಬಂದಿದ್ರೆ ಬೈದು ಕಳಿಸಿ, ಒಳಗೆ ಬಂದು ಅಳಬಹುದಿತ್ತು. ನಿನಗೆ ರೊಟ್ಟಿ ಬೇರೆ ತಟ್ಟಬೇಕಾಯ್ತು." ಧಾಪೂ ಇನ್ನೊಂದು ರೊಟ್ಟಿ ಅವಳ ತಟ್ಟೆಗೆ ಎಸೆದಳು. "ತಿನ್ನು. ಸಾಮಾನು ಕಟ್ಟಿಟ್ಟಿದ್ದೀನಿ. ಮಂಚ ನಿನಗೇ ಬಿಟ್ಟು ಹೋಗ್ತೀನಿ, ಒಂದು ಕಾಲು ಕುಂಟು, ಇಟ್ಟಿಗೆ ಕೊಡಬೇಕು."

ಆಮೇಲೆ ಮಕ್ಕಳು ಬರಲಿಲ್ಲ. ನಾಲ್ಕು ಗಂಟೆ ತುಂಬಿತು. ಧಾಪೂ ಸೀಸೆಯಲ್ಲಿ ಉಳಿದದ್ದನ್ನು ಚೆಲ್ಲಿ, ಲಸಿಕೆಯ ಐಸು ಡಬ್ಬಿಯ ಮುಚ್ಚಳ ಹಾಕಿದಳು. ಇನ್ನು ನೆಪ ಉಳಿದಿರಲಿಲ್ಲ. ಇಮರ್ತಿ ಮೊಳೆಯಿಂದ ಚೀಲ ತೆಗೆದು, ಪತ್ರ ಮೇಜಿನ ಮೇಲೆ ಬಿಡಿಸಿ, ಪೆನ್ನು ಕೈಗೆ ತಗೊಂಡಳು. ಧಾಪೂ ಎದುರಿಗೆ ನಿಂತಳು. ಆಗ ಹಿತ್ತಲಿನಿಂದ ಫೋನು ಹೊಡೆದುಕೊಳ್ಳತೊಡಗಿತು. ಊಟಕ್ಕೆ ಮುಂಚೆ ಹತ್ತಿದಾಗ ಅದನ್ನು ತೊಟ್ಟಿಯ ಕಟ್ಟೆಯ ಮೇಲೇ ಇಟ್ಟು ಬಂದಿದ್ದಳು.

ಬಿಡಬಹುದಿತ್ತು. ಎರಡು ಅಕ್ಷರ ಗೀಚಿ ಆಮೇಲೆ ಹೋಗಬಹುದಿತ್ತು. ಇಮರ್ತಿ ಪೆನ್ನು ಇಟ್ಟು ಹಿತ್ತಲಿಗೆ ಓಡಿದಳು.

"ದೀದಿ, ಬಂದ್ಬಿಡ್ತು" ಎಂದು ಗಿರಧಾರಿ ಕೂಗಿದ. "ಮೇಲಿನ ಕೇಸೆಲ್ಲ ಮುಂದಕ್ಕೆ ಹೋಗಿ ನಮ್ಮದು ಥಟ್ ಅಂತ ಬಂತು. ವ್ಯಾಸ್‌ಜಿ ಏನು ಮಾತಾಡಿದ್ರು ಅಂತೀರಿ. ಜಡ್ಜು ತಡೆ ಕೊಟ್ರು. ಇವತ್ತು ಈ ಗಳಿಗೇಲಿ ಯಾರು ಯಾವ ಜಾಗದಲ್ಲಿದ್ದಾರೋ ಅವರು ಅಲ್ಲೇ ಇರಬೇಕು. ಹಾಜರಾದೋರು ಹಾಜರಾದ ಹಾಗೆ. ಇನ್ನೂ ಹಾಜರಾಗದೆ ಇರೋರನ್ನ ಕೇಸು ಮುಗಿಯೋ ತನಕ ಸೇರಿಸ್ಕೊಳ್ಳೋ ಹಾಗಿಲ್ಲ. ಗೆದ್ವಿ ದೀದಿ. ಇಮರ್ತಿ ಕೇಸು ಗೆದ್ವಿ."

ಇಮರ್ತಿ ಉಪಕೇಂದ್ರದ ಹಿಂಬಾಗಿಲ ಕಡೆ ತಿರುಗಿ ನೋಡಿದಳು.

"ದೀದಿ?" ಗಿರಧಾರಿಗೆ ಈಗ ಹೊಳೆಯಿತು. "ನೀವು ಬೆಳಿಗ್ಗೆನೇ ಸಹಿ ಹಾಕಿದ್ರಿ ತಾನೇ?"

ಒಳಗೆ ಬಂದಾಗ ಧಾಪೂ ನಿಂತ ಜಾಗದಲ್ಲೇ ಇದ್ದಳು. ಇಮರ್ತಿ ಕೇಳಿದ್ದನ್ನು ಕೇಳಿದ ಹಾಗೆ ಹೇಳಿದಳು. ಹೇಳುತ್ತಿದ್ದ ಹಾಗೆ ಧಾಪೂವಿನ ಮುಖದಲ್ಲಿ ಮೊದಲು ಬಂದದ್ದು ಸಂತೋಷ. ಅದು ತಡೆಯಲಾರದ ಸಂತೋಷ, ಬಿಸಿಲಲ್ಲಿ ನಡೆದು ಬಂದವರು ನೀರು ಕಂಡ ಹಾಗೆ. ಇಮರ್ತಿ ಅದನ್ನು ನೋಡಿದಳು. ನೋಡಿದಳೆಂದು ಧಾಪೂವಿಗೂ ಗೊತ್ತಾಯಿತು. ಅವಳು ಮೇಜಿನ ಮೇಲಿದ್ದ ಪತ್ರವನ್ನು ಇಮರ್ತಿಯ ಕಡೆ ತಳ್ಳಿದಳು.

"ಪೂರ್ವಾಹ್ನ ಅಂತ ಬರಿ."

"ಏನು?"

"ಬೆಳಿಗ್ಗೆ ಬಂದಿದ್ದು ನಿಜ ತಾನೇ? ಊರವರೆಲ್ಲ ನೋಡಿದ್ದಾರೆ. ಬರಿ, ನಾನು ಸಹಿ ಹಾಕ್ತೀನಿ. ಬೆಳಿಗ್ಗೆನೇ ಚಾರ್ಜು ಕೊಟ್ಟೆ ಅಂತೀನಿ."

ಇಮರ್ತಿ ಪೆನ್ನು ಎತ್ತಿಕೊಂಡಳು. ಬರೆದುಬಿಡಬೇಕೆಂದು ಅವಳಿಗೆ ಬಲವಾಗಿ ಅನಿಸಿತು. ಬೆಲ್ಲ ಕುಟ್ಟಿಟ್ಟುಕೊಂಡು ಕೂತಿರುವ ಅತ್ತೆ, ಪ್ರಶ್ನೆ ಕೇಳುತ್ತಿದ್ದ ಮಗಳು, ಒಂದು ವರ್ಷ ಹಿಟ್ಟಿನ ಕೈಯಲ್ಲಿ ತಿರುವಿದ ಪುಟಗಳು. ಸುಳ್ಳೂ ಅಲ್ಲ, ಅರ್ಧ ನಿಜ. ತಲೆ ಎತ್ತಿ ನೋಡಿದಳು. ಧಾಪೂವಿನ ಬಲಗೈ ಪತ್ರದ ಅಂಚು ಹಿಡಿದಿತ್ತು. ಎಡಗೈ ಸೊಂಟದ ಕೀಲಿ ಗೊಂಚಲನ್ನು ಅಮುಕಿ ಹಿಡಿದಿತ್ತು. ಅದು ಅವಳಿಗೇ ಗೊತ್ತಿರಲಿಲ್ಲ.

"ನೀನು ಬಸ್ಸಿಳಿದಿದ್ದು ಕಿಟಕೀಲಿ ನೋಡಿದೆ" ಎಂದಳು ಧಾಪೂ ಇದ್ದಕ್ಕಿದ್ದ ಹಾಗೆ. "ನೋಡಿದ ಮೇಲೇ ಸೀಸೆ ಒಡೆದೆ. ಅದಕ್ಕೇ ಹೇಳ್ತಿದ್ದೀನಿ, ಬರಿ."

"ಗೊತ್ತಿತ್ತು" ಎಂದಳು ಇಮರ್ತಿ.

"ಏನ್ ಗೊತ್ತಿತ್ತು?"

"ಮರದ ಕೆಳಗೆ ಎರಡೇ ಮಕ್ಕಳಿದ್ವು. ಎರಡು ಮಕ್ಕಳಿಗೆ ಯಾವ ನರ್ಸು ಸೀಸೆ ಒಡೀತಾಳೆ?"

ಧಾಪೂ ಬಾಯಿ ಬಿಟ್ಟು ನೋಡಿದಳು. "ಗೊತ್ತಿದ್ದೂ ಕೂತ್ಯಾ?"

"ಕೂತೆ."

"ಯಾಕೇ ಮಾರಾಯ್ತಿ? ನಾನಾದ್ರೂ ಹೊಟ್ಟೆಪಾಡಿಗೆ ಮಾಡಿದೆ. ನಿನಗೇನು ಬಂದಿತ್ತು ರೋಗ?"

ಇಮರ್ತಿಗೆ ಒಳ್ಳೆಯತನವೆಂದು ಹೇಳಿಕೊಳ್ಳಲು ನಾಚಿಕೆಯಾಯಿತು, ಏಕೆಂದರೆ ಅದು ಒಳ್ಳೆಯತನ ಆಗಿರಲಿಲ್ಲ. ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಇಟ್ಟುಕೊಂಡು, ಯಾರಾದರೂ ತಳ್ಳಲಿ ಎಂದು ಬೆಳಿಗ್ಗೆಯಿಂದ ಕಾದಿದ್ದಳು. ತಳ್ಳಿದ್ದು ಅವಳದೇ ಹೆಸರಿನ ಕೇಸು. ಅವಳಿಗೆ ಧಾಪೂವಿನ ಮೇಲೂ ಸಿಟ್ಟಿತ್ತು, ತನ್ನ ಮೇಲೆ ಅದಕ್ಕಿಂತ ಹೆಚ್ಚು. ಪತ್ರವನ್ನು ಮಡಿಸಿ ಚೀಲಕ್ಕೆ ತುರುಕಿದಳು.

"ನಾಳೆ ಆ ಕಡೆ ವಕೀಲರು ಈ ಕಾಗದ ಹಿಡ್ಕೊಂಡು ನಿಲ್ತಾರೆ. ಮೊದಲನೇ ಅರ್ಜಿದಾರಳೇ ಕಳ್ಳಿ ಅಂದ್ರೆ ನಿಮ್ಮೆಲ್ಲರ ತಡೆಯಾಜ್ಞೇನೂ ಹೋಗುತ್ತೆ. ಬಿಡು. ಆ ಕೀಲಿ ಬಿಡು ಮೊದಲು, ಕೈಗೆ ಗುರುತು ಬೀಳುತ್ತೆ."

ಧಾಪೂ ತನ್ನ ಎಡಗೈ ನೋಡಿಕೊಂಡಳು. ಆಮೇಲೆ ಅಲ್ಲೇ ನೆಲಕ್ಕೆ ಕುಸಿದು, ಓಢಣಿ ಬಾಯಿಗೆ ಅದುಮಿಕೊಂಡು ಅತ್ತಳು. ಇಮರ್ತಿ ಸಮಾಧಾನ ಮಾಡಲಿಲ್ಲ. ಅವಳಿಗೆ ಅಷ್ಟು ಶಕ್ತಿ ಇರಲಿಲ್ಲ. ಐಸು ಡಬ್ಬಿ ಒಯ್ಯಲು ಆಸ್ಪತ್ರೆಯವನು ಬಂದು ಬಾಗಿಲು ತಟ್ಟಿದಾಗ ಅವಳೇ ಎದ್ದು ಕೊಟ್ಟು ಕಳಿಸಿದಳು.

ಬಸ್ಸಿಗೆ ಕಾಯುತ್ತ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತಾಗ ಫೋನು ಮತ್ತೆ ಜೀವ ಪಡೆಯಿತು. ಬಾಡಮೇರಿನಿಂದ, ನಾಗೌರಿನಿಂದ, ಹೆಸರೇ ಕೇಳದ ಊರುಗಳಿಂದ ಕರೆಗಳು. "ನೀವೇನಾ ಇಮರ್ತಿ ಕೇಸಿನ ಇಮರ್ತಿ ದೀದಿ? ಹುಲಿ ಕಣ್ರೀ ನೀವು." "ನನ್ನ ಜಾಗಕ್ಕೆ ಒಬ್ಳು ಬಂದು ಬಾಗಿಲಲ್ಲೇ ನಿಂತಿದ್ಲು ದೀದಿ, ಹಾಗೇ ವಾಪಸ್ ಹೋದ್ಲು. ನಿಮ್ಮ ಮಕ್ಕಳು ಚೆನ್ನಾಗಿರ್ಲಿ." ಎಲ್ಲರಿಗೂ ಅವಳು 'ಹೂಂ, ಹೂಂ' ಎಂದಳು. ಮನೆಯಿಂದ ಬಂದ ಕರೆಯನ್ನು ಮಾತ್ರ ಎತ್ತಲಾಗಲಿಲ್ಲ. ಈ ತಡೆಯಾಜ್ಞೆ ತೆರವಾಗುವ ಹೊತ್ತಿಗೆ ಅವಧಿ ಮುಗಿದು ಆಯ್ಕೆಪಟ್ಟಿ ಸತ್ತಿರುತ್ತದೆ, ವಯಸ್ಸು ದಾಟಿರುತ್ತದೆ. ನಾಳೆ ಬೆಳಿಗ್ಗೆ ತನ್ನ ಹಳೆಯ ಉಪಕೇಂದ್ರದ ಬೀಗ ತೆಗೆಯಬೇಕು, ಗುತ್ತಿಗೆಯಲ್ಲಿ. ಅದನ್ನು ಫೋನಿನಲ್ಲಿ ಅತ್ತೆಗೆ ಹೇಗೆ ಹೇಳುವುದು?

ಇನ್ನೊಂದು ಗೊತ್ತಿಲ್ಲದ ನಂಬರು. ಎತ್ತಿದಳು. ಎಳೆಯ ದನಿ, ಅಳುತ್ತಿತ್ತು.

"ಇಮರ್ತಿ ದೇವಿ ಅಂದ್ರೆ ನೀವೇನಾ?"

"ಹೌದು."

"ನಿಮ್ಮ ಮನೆ ಹಾಳಾಗ. ನಾಲ್ಕು ವರ್ಷ ಓದಿದ್ದೆ ನಾನು. ಮಧ್ಯಾಹ್ನದ ಮೇಲೆ ಚೌಘಡಿಯಾ ಮುಹೂರ್ತ ಚೆನ್ನಾಗಿದೆ, ಆಗ ಸಹಿ ಹಾಕು ಅಂತ ಅಪ್ಪ ಕಾಯಿಸಿದ್ರು. ಹೋಗಿ ನಿಂತ್ರೆ ತಡೆಯಾಜ್ಞೆ ಬಂದಿದೆ ಅಂದ್ರು. ಯೋಗ್ಯತೆ ಇದ್ರೆ ನೀವೂ ಓದಿ ಪಾಸ್ ಮಾಡಬೇಕಿತ್ತು. ಪಾಸ್ ಮಾಡೋಕಾಗದೆ ಕೋರ್ಟಿಗೆ ಹೋಗಿ ನಮ್ಮ ಅನ್ನ ಕಿತ್ಕೊಂಡ್ರಿ. ನಿಮಗೇನು ಗೊತ್ತಾಗುತ್ತೆ ನಮ್ಮ ಸಂಕಟ?"

ಹುಡುಗಿ ಉಸಿರು ತೆಗೆದುಕೊಳ್ಳಲು ನಿಂತಳು.

"ಬೈಯಿ" ಎಂದಳು ಇಮರ್ತಿ. "ಇನ್ನೂ ಇದ್ರೆ ಬೈದುಬಿಡು. ಬೆಳಿಗ್ಗೆಯಿಂದ ಯಾರೂ ಬೈದಿಲ್ಲ ನನಗೆ."

ಆ ತುದಿಯಲ್ಲಿ ಬರೀ ಬಿಕ್ಕಳಿಕೆ.

"ನಾನೂ ಪಾಸ್ ಮಾಡಿದ್ದೆ ತಂಗಿ" ಎಂದಳು. "ಕಾಗದ ನನ್ನ ಚೀಲದಲ್ಲೇ ಇದೆ. ನನಗೂ ಇವತ್ತೇ ಕೊನೇ ದಿನ. ಸಹಿ ಹಾಕೋಕೆ ಮುಂಚೆ ಬಂತು ನನ್ನ ಕೇಸು."

ಬಿಕ್ಕಳಿಕೆ ನಿಂತಿತು. ಆದರೆ ಹುಡುಗಿ ಫೋನು ಇಡಲಿಲ್ಲ.

"ಮತ್ತೆ ಯಾಕೆ ಹಾಕಿದ್ರಿ ಕೇಸು?" ಎಂದಳು ಕೊನೆಗೆ, ಸಣ್ಣ ದನಿಯಲ್ಲಿ.

"ಹಾಕಿದಾಗ ನಾನು ಈ ಕಡೆ ಇದ್ದೆ" ಎಂದಳು ಇಮರ್ತಿ. "ನಾಳೆಯಿಂದ ಮತ್ತೆ ಈ ಕಡೆನೇ."

ಮರಳಿನ ಮೇಲೆ ಧೂಳೆಬ್ಬಿಸುತ್ತ ಬಸ್ಸು ಬಂತು. ಅವಳು ಫೋನನ್ನು ಕಿವಿಗೆ ಹಿಡಿದುಕೊಂಡೇ ಹತ್ತಿದಳು. "ಊಟ ಆಯ್ತಾ ನಿಂದು?" ಎಂದು ಆ ಹುಡುಗಿಯನ್ನು ಕೇಳಿದಳು.